ಮಳೆ ಜಾಸ್ತಿಯಾದರೆ ಮಲೆನಾಡಿನ ಹಕ್ಕಿಗಳು ದುರ್ಗಕ್ಕೆ ಬರುತ್ತವಾ?

ಓದುಗರ ಪ್ರಶ್ನೆ: ಈಗೀಗ ವಾಣಿವಿಲಾಸ ಸಾಗರ ತುಂಬುತ್ತಿದೆ. ಮಳೆ ಹೀಗೇ ಬಂದರೆ ದಾಸಮಂಗಟ್ಟೆಯಂಥ (ಗ್ರೇಟ್ ಹಾರ್ನ್‌ಬಿಲ್) ಹಕ್ಕಿಗಳು ಚಿತ್ರದುರ್ಗದ ಕಡೆಗೂ ಬರಬಹುದಲ್ವಾ?

ಬರುವುದಿಲ್ಲ. ಪ್ರತಿ ಮಳೆಗಾಲದಲ್ಲೂ ಇದೇ ಪ್ರಶ್ನೆ, ಇದೇ ಉತ್ತರ. ಈ ಸಲ ಪೂರ್ತಿ ಬಿಡಿಸಿ ಹೇಳುತ್ತೇನೆ, ದಯವಿಟ್ಟು ಕೊನೆಯವರೆಗೆ ಓದಿ.

ಹಕ್ಕಿಗೆ ರೆಕ್ಕೆ ಇದೆ, ನೀರು ಕಂಡಲ್ಲಿಗೆ ಹಾರಿ ಬರುತ್ತದೆ ಎಂದು ಬಹಳ ಜನ ನಂಬಿದ್ದಾರೆ. ನೀರು ಕಂಡು ಬರುವುದು ಬಾತು, ಬೆಳ್ಳಕ್ಕಿ, ನೀರುಕಾಗೆ. ಕಾಡಿನ ಹಣ್ಣು ತಿನ್ನುವ ಹಕ್ಕಿಗೆ ಹಣ್ಣಿನಲ್ಲೇ ಬೇಕಾದಷ್ಟು ನೀರಿದೆ. 2022ರಲ್ಲಿ ಮಾರಿಕಣಿವೆ, ಅಂದರೆ ಇದೇ ವಾಣಿವಿಲಾಸ ಸಾಗರ, ಕೋಡಿ ಬಿತ್ತು, 1933ರ ನಂತರ ಮೊದಲ ಸಲ. ಸುತ್ತಲಿನ ಗುಡ್ಡದಲ್ಲಿ ಮಾತ್ರ ಅದೇ ಕುರುಚಲು. ದಾಸಮಂಗಟ್ಟೆಗೆ ವರ್ಷವಿಡೀ ಹಣ್ಣು ಬೇಕು, ಅದರಲ್ಲೂ ಅತ್ತಿ, ಆಲದ ಜಾತಿಯ ಹಣ್ಣು. ಗೂಡಿಗೆ ದೊಡ್ಡ ಪೊಟರೆಯ ಹಳೇ ಮರ ಬೇಕು. ಹೆಣ್ಣು ಒಳಗೆ ಸೇರಿ ಪೊಟರೆಯ ಬಾಯಿ ಮುಚ್ಚಿಕೊಳ್ಳುತ್ತದೆ, ಗಂಡು ಸಣ್ಣ ಸೀಳಿನಿಂದ ತುತ್ತು ಕೊಡುತ್ತದೆ. ಅಂಥ ಮರಕ್ಕೆ ತಲೆಮಾರುಗಳ ಮಳೆ ಬೇಕು. ಮಳೆ ಹಕ್ಕಿಯನ್ನು ಕರೆಯುವುದಿಲ್ಲ, ಮರ ಬೆಳೆಸುತ್ತದೆ, ಹುಳ ಹುಟ್ಟಿಸುತ್ತದೆ.

ಮಳೆ ಜಾಸ್ತಿಯಾದಷ್ಟೂ ಒಳ್ಳೇದು ಅನ್ನುವುದೂ ತಪ್ಪು. ಕೋಸ್ಟರಿಕಾದ ಬೆಟ್ಟಗಳಲ್ಲಿ ಮನಾಕಿನ್ ಎಂಬ ಪುಟ್ಟ ಹಕ್ಕಿ ಇದೆ. ಮಳೆ ಎಡೆಬಿಡದೆ ಸುರಿದರೆ ಹಣ್ಣು ಹುಡುಕಲು ಹೊತ್ತೇ ಸಿಗುವುದಿಲ್ಲ. ಹಾಗಾಗಿ ಅವುಗಳಲ್ಲಿ ಕೆಲವು ಬೆಟ್ಟ ಇಳಿದುಬಿಡುತ್ತವೆ. ಅಷ್ಟು ದೂರ ಯಾಕೆ? ನಮ್ಮ ಜೋಗಿಮಟ್ಟಿಯ ಹಳದಿ ಕೊರಳಿನ ಪಿಕಳಾರವನ್ನೇ ನೋಡಿ. ದಕ್ಷಿಣ ಭಾರತದ ಒಣ ಬಂಡೆಗುಡ್ಡಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ಮಳೆ ಸುರಿದರೂ ಅದು ಅಲ್ಲಿಗೆ ಹೋಗುವುದಿಲ್ಲ.

ಇನ್ನು ಪೈಪೋಟಿ. ಊಟವಿದ್ದರೂ ಬೇರೆ ಹಕ್ಕಿ ಮೊದಲೇ ಅಲ್ಲಿ ನೆಲೆಯೂರಿದ್ದರೆ ಹೊಸದಕ್ಕೆ ಜಾಗ ಸಿಗುವುದು ಕಷ್ಟ. ಬಸ್ಸಿನ ಕಿಟಕಿಯಿಂದ ಟವೆಲ್ ಹಾಕಿ ಸೀಟು ಹಿಡಿದ ಹಾಗೆ. ಪೆರುವಿನಲ್ಲಿ ಸಿರಾ ಎಂಬ ಬೆಟ್ಟಸಾಲು ಆಂಡೀಸ್‌ನಿಂದ ಬೇರೆಯಾಗಿ ನಿಂತಿದೆ. ಆಂಡೀಸ್‌ನ ಎತ್ತರದಲ್ಲಿರುವ ಹಲವು ಹಕ್ಕಿಗಳು ಅಲ್ಲಿಲ್ಲ. ಟೆರ್ಬೋರ್ಗ್ ಮತ್ತು ವೆಸ್ಕೆ ಎಂಬ ಸಂಶೋಧಕರು ಎರಡೂ ಕಡೆಯ ಹಕ್ಕಿಗಳನ್ನು ಹೋಲಿಸಿ ನೋಡಿದರು, 1975ರಲ್ಲಿ ಪ್ರಕಟಿಸಿದರು. ಎದುರಾಳಿ ಇಲ್ಲದ ಕಡೆ ಕೆಳಗಿನ ಹಕ್ಕಿಗಳಲ್ಲಿ ಹಲವು ಮೇಲಕ್ಕೂ ಹಬ್ಬಿದ್ದವು. ಅಂದರೆ ಅವುಗಳನ್ನು ತಡೆದಿದ್ದು ಬರೀ ಹವೆಯಲ್ಲ, ನೆರೆಯ ಹಕ್ಕಿ.

ನೀವು ಕೇಳಿಲ್ಲ, ಆದರೂ ಒಂದು ಹೇಳಬೇಕು. ಹಾಗಾದರೆ ಬಯಲಲ್ಲಿ ಗಿಡ ನೆಟ್ಟು ಕಾಡು ಮಾಡೋಣವೇ? ಬೇಡ. ಚಳ್ಳಕೆರೆಯ ಅಮೃತಮಹಲ್ ಕಾವಲು, ಜಗಳೂರಿನ ಬಯಲು ಪಾಳುಭೂಮಿಯಲ್ಲ. ನೆಲಗುಬ್ಬಿ, ಗೌಜಲಹಕ್ಕಿ ನೆಲದಲ್ಲೇ ಗೂಡು ಮಾಡುತ್ತವೆ, ಅವಕ್ಕೆ ಹುಲ್ಲೇ ಮನೆ. ಪಕ್ಕದ ರಾಣೆಬೆನ್ನೂರಿನಲ್ಲಿ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು. ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆ ಬೇಕಿದ್ದ ತೆರೆದ ಬಯಲು ಹೋಯಿತು. ಗಿಡ ನೆಡುವ ಆಸೆಯಿದ್ದರೆ ರಸ್ತೆ ಬದಿಯಲ್ಲಿ, ಶಾಲೆ ಅಂಗಳದಲ್ಲಿ ಆಲ, ಅತ್ತಿ ನೆಡಿ. ಕಾವಲನ್ನು ಹುಲ್ಲಾಗಿಯೇ ಬಿಡಿ.