ಹಳೇ ಮನೆಯ ಜಿಐ ಪೈಪ್: ಸೋರಿದಲ್ಲಿ ರಿಪೇರಿ ಸಾಕೇ, ಪೂರ್ತಿ ಬದಲಿಸಬೇಕೇ?

ಪ್ರಶ್ನೆ: ಮನೆ ಕಟ್ಟಿ 40 ವರ್ಷ ದಾಟಿದೆ. ಎಲ್ಲಾ ಜಿಐ ಪೈಪುಗಳೇ. ಬೆಳಿಗ್ಗೆ ನಲ್ಲಿ ತಿರುಗಿಸಿದರೆ ಮೊದಲು ಕೆಂಪು ನೀರು ಬರುತ್ತದೆ, ಶವರ್ ನೀರು ಸಣ್ಣಗಾಗಿದೆ. ಒಂದು ಜಾಯಿಂಟ್ ಸೋರಿತೆಂದು ಸರಿ ಮಾಡಿಸಿದೆವು, ಈಗ ಪಕ್ಕದ್ದು ಸೋರುತ್ತಿದೆ. ಹೀಗೇ ರಿಪೇರಿ ಮಾಡಿಸುತ್ತಾ ಹೋಗಬಹುದೇ?

ಉತ್ತರ: ಕೆಲವು ತಿಂಗಳು ತಳ್ಳಬಹುದು, ಅಷ್ಟೇ. ಬದಲಿಸಲೇಬೇಕು. ಆದರೆ ಎಲ್ಲವನ್ನೂ ಒಂದೇ ಸಲ ಬದಲಿಸಬೇಕಿಲ್ಲ, ಗೋಡೆ ಒಡೆಯುವುದನ್ನೂ ಬಹುಪಾಲು ತಪ್ಪಿಸಬಹುದು.

ಜಿಐ ಎಂದರೆ ಸತುವಿನ ಲೇಪ ಕೊಟ್ಟ ಕಬ್ಬಿಣದ ಪೈಪು. ಸತು ತಾನು ಸವೆದು ಕಬ್ಬಿಣವನ್ನು ಕಾಯುತ್ತದೆ. ಅದು ಮುಗಿದ ಮೇಲೆ ತುಕ್ಕಿನದೇ ರಾಜ್ಯ. ನೀರಿನ ಗುಣದ ಮೇಲೆ ಹೆಚ್ಚುಕಡಿಮೆ ಆಗುತ್ತದಾದರೂ 40–50 ವರ್ಷ ಬಾಳಿದ ಪೈಪು ತನ್ನ ಆಯಸ್ಸು ಮುಗಿಸಿದೆ ಎಂದೇ ಲೆಕ್ಕ. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಹಿಡಿಯುವುದರಿಂದ ಒಳಗೆ ಗಂಟುಗಂಟಾಗಿ ಬೆಳೆಯುತ್ತದೆ. ಮುಂದಿನ ಸಲ ಪ್ಲಂಬರ್ ಕತ್ತರಿಸಿ ತೆಗೆದ ಅರ್ಧ ಇಂಚಿನ ಪೈಪಿನ ತುಂಡನ್ನು ಎಸೆಯಲು ಬಿಡಬೇಡಿ, ಬೆಳಕಿಗೆ ಹಿಡಿದು ಒಳಗೆ ನೋಡಿ. ಹೊರಗೆ ಬಣ್ಣ ಬಳಿದು ಗಟ್ಟಿಮುಟ್ಟಾಗಿರುವ ಪೈಪಿನೊಳಗೆ ಎಷ್ಟೋ ಸಲ ಪೆನ್ಸಿಲ್ ತೂರುವಷ್ಟೂ ಜಾಗ ಇರುವುದಿಲ್ಲ. ಒಳವ್ಯಾಸ ಅರ್ಧಕ್ಕೆ ಇಳಿದರೆ ನೀರೂ ಅರ್ಧವಾಗುತ್ತದೆ ಅಂದುಕೊಳ್ಳುತ್ತೇವೆ. ಹಾಗಲ್ಲ, ಅದೇ ಒತ್ತಡದಲ್ಲಿ ಐದನೇ ಒಂದು ಪಾಲಿಗಿಂತಲೂ ಕಡಿಮೆ ಬರುತ್ತದೆ. ಇದಕ್ಕೆ ಪ್ರೆಶರ್ ಪಂಪ್ ಕೂರಿಸುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಕೇಳಬೇಡಿ. ಸವೆದ ಜಾಯಿಂಟುಗಳು ಅದರಿಂದ ಇನ್ನೂ ಬೇಗ ಬಾಯಿಬಿಡುತ್ತವೆ.

ಸೋರಿಕೆ ಜಾಯಿಂಟಿನಲ್ಲೇ ಶುರುವಾಗಲು ಕಾರಣವಿದೆ. ಥ್ರೆಡ್ ಹಾಕಿದ ಕಡೆ ಪೈಪಿನ ದಪ್ಪ ಕಡಿಮೆ, ಸತುವಿನ ಲೇಪವೂ ಅಲ್ಲಿ ಕಿತ್ತುಹೋಗಿರುತ್ತದೆ. ಒಂದು ಎಲ್ಬೋ ಬಿಚ್ಚಲು ಪೈಪ್ ಪಾನ ಹಾಕಿ ತಿರುಚಿದರೆ ಆ ಬಲ ಪಕ್ಕದ ಜಾಯಿಂಟಿಗೂ ಹೋಗುತ್ತದೆ. ಪಕ್ಕದ್ದು ಸೋರಿದ್ದಕ್ಕೆ ಪ್ಲಂಬರನನ್ನು ಬೈಯಬೇಡಿ.

ಇನ್ನು, ಖರ್ಚು ಮಾಡುವ ಮುನ್ನ ಕೆಂಪು ಎಲ್ಲಿಂದ ಬರುತ್ತಿದೆ ಎಂದು ನೋಡಿಕೊಳ್ಳಿ. ರಾತ್ರಿಯಿಡೀ ನಿಂತ ನೀರನ್ನು ಗಾಜಿನ ಲೋಟದಲ್ಲಿ ಹಿಡಿಯಿರಿ, ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಲೋಟ. ಮೊದಲನೆಯದು ಮಾತ್ರ ಕೆಂಪಗಿದ್ದರೆ ಮನೆಯೊಳಗಿನ ಪೈಪಿನದೇ ತುಕ್ಕು. ಎಷ್ಟು ಹೊತ್ತು ಬಿಟ್ಟರೂ ಕೆಂಪೇ ಬಂದರೆ ಟ್ಯಾಂಕ್ ಅಥವಾ ಹೊರಗಿನ ಲೈನ್ ನೋಡಬೇಕು. ಬಿಸಿನೀರು ಮಾತ್ರ ಕೆಂಪಾದರೆ ಮೊದಲ ಅನುಮಾನ ಗೀಸರಿನ ಮೇಲೆ. ಒಂದೇ ನಲ್ಲಿಯಲ್ಲಿ ನೀರು ಸಣ್ಣಗಿದ್ದರೆ ಅದರ ತುದಿಯ ಜಾಲರಿ ಬಿಚ್ಚಿ ತೊಳೆದು ನೋಡಿ, ಎಷ್ಟೋ ಸಲ ತೊಂದರೆ ಅಲ್ಲಿಗೇ ಮುಗಿಯುತ್ತದೆ.

ತುಂಬಾ ಹಳೆಯ ಮನೆಯಾದರೆ ಮುಖ್ಯ ಪೈಪಿಗೆ ಅಯಸ್ಕಾಂತ ಹಿಡಿಯಿರಿ. ಜಿಐಗೆ ಅಂಟುತ್ತದೆ. ಅಂಟದೆ, ಚಾಕುವಿನಿಂದ ಮೆಲ್ಲಗೆ ಕೆರೆದಾಗ ಮೆತ್ತಗೆ ಬೆಳ್ಳಗೆ ಹೊಳೆದರೆ ಅದು ಸೀಸವಿರಬಹುದು. ಆಗ ರಿಪೇರಿಯ ಮಾತೇ ಇಲ್ಲ: ನೀರು ಪರೀಕ್ಷೆ ಮಾಡಿಸಿ, ಕುಡಿಯುವ ನೀರಿಗೆ ಬೇರೆ ದಾರಿ ನೋಡಿ. ಕುದಿಸಿದರೆ ಸೀಸ ಹೋಗುವುದಿಲ್ಲ.

ಬದಲಿಸುವಾಗ ಬಿಸಿನೀರಿನ ಲೈನಿನಿಂದ ಶುರುಮಾಡುವುದು ಒಳ್ಳೆಯದು, ಸಾಮಾನ್ಯವಾಗಿ ಮೊದಲು ಕೆಡುವುದು ಅದೇ. ಗೋಡೆಯೊಳಗಿನ ಹಳೇ ಪೈಪನ್ನು ಅಗೆದು ತೆಗೆಯಬೇಕಿಲ್ಲ. ಎರಡೂ ತುದಿ ಮುಚ್ಚಿ ಅಲ್ಲೇ ಬಿಟ್ಟು, ಹೊಸದನ್ನು ಗೋಡೆಯ ಮೇಲೆ ಕ್ಲಿಪ್ ಹೊಡೆದು ಒಯ್ಯಿರಿ. ನೋಡಲು ಅಷ್ಟು ಚೆಂದವಲ್ಲ, ಆದರೆ ಸೋರಿದರೆ ಕಣ್ಣಿಗೆ ಬೀಳುತ್ತದೆ. ಬಿಸಿನೀರಿಗೆ ಬಿಸಿ ತಡೆಯುವ ಪ್ಲಾಸ್ಟಿಕ್ ಪೈಪಾದ ಸಿಪಿವಿಸಿಯನ್ನೇ ಹಾಕಿಸಿ, ಸಾಮಾನ್ಯ ಪಿವಿಸಿ ಬಿಸಿಗೆ ಮೆತ್ತಗಾಗುತ್ತದೆ. ಉಳಿಸಿಕೊಂಡ ಜಿಐ ಪೈಪಿಗೆ ತಾಮ್ರದ ಪೈಪನ್ನು ನೇರ ಜೋಡಿಸಲು ಬಿಡಬೇಡಿ. ಎರಡು ಲೋಹ ಕೂಡಿದ ಜಾಗದಲ್ಲಿ ಕಬ್ಬಿಣ ಬೇಗ ಕೊರೆದುಹೋಗುತ್ತದೆ.

ಪ್ಲಂಬರ್ ಬರುವ ಮುನ್ನ ಎಲೆಕ್ಟ್ರಿಷಿಯನ್ ಒಬ್ಬರನ್ನು ಕರೆಸಿ. ಹಳೇ ಮನೆಗಳಲ್ಲಿ ಅರ್ಥಿಂಗ್ ತಂತಿಯನ್ನು (ಶಾಕ್ ಹೊಡೆಯದಂತೆ ಸೋರಿದ ಕರೆಂಟನ್ನು ನೆಲಕ್ಕೆ ಇಳಿಸುವ ತಂತಿ) ನೀರಿನ ಪೈಪಿಗೇ ಕಟ್ಟಿರುವುದುಂಟು. ನಡುವೆ ಪ್ಲಾಸ್ಟಿಕ್ ತುಂಡು ಬಂದರೆ ಆ ಅರ್ಥಿಂಗ್ ಕಡಿದುಹೋಗುತ್ತದೆ. ದೀಪ, ಫ್ಯಾನ್ ಎಲ್ಲವೂ ಎಂದಿನಂತೆ ನಡೆಯುವುದರಿಂದ ಅದು ಯಾರ ಗಮನಕ್ಕೂ ಬರುವುದಿಲ್ಲ.