ಸೂಜಿ ಚುಚ್ಚಿದ ಎಷ್ಟು ಹೊತ್ತಿಗೆ ಕೆಮ್ಮು ಬಂತು?

ದೇರಳಕಟ್ಟೆ, ಮಣಿಪಾಲದ ಕಡೆ ನರ್ಸಿಂಗ್, ಫಾರ್ಮಸಿ, ಫಿಸಿಯೋಥೆರಪಿ ಓದುತ್ತಿರುವವರಿಗೆ ಈ ಟಿಪ್ಪಣಿ. ಅನಬಾಲಿಕ್ ಸ್ಟಿರಾಯ್ಡ್ (ಸ್ನಾಯು ಬೆಳೆಸುವ ಹಾರ್ಮೋನ್ ಔಷಧ) ಇಂಜೆಕ್ಷನ್ ತಗೊಂಡವರಿಗೆ ಕೆಮ್ಮು, ಸುಸ್ತು ಯಾಕೆ ಬರುತ್ತದೆ ಅನ್ನುವುದು ವಿಷಯ. ಪುಸ್ತಕದಲ್ಲಿ ಇದು ಅಡ್ಡಪರಿಣಾಮಗಳ ಉದ್ದ ಪಟ್ಟಿಯಾಗಿ ಬರುತ್ತದೆ. ಬಾಯಿಪಾಠ ಮಾಡಿದರೆ ಪರೀಕ್ಷೆಗೆ ಸಾಕು, ವಾರ್ಡಿಗೆ ಸಾಕಾಗುವುದಿಲ್ಲ. ಪಟ್ಟಿ ಬದಿಗಿಟ್ಟು ಗಡಿಯಾರ ನೋಡುವುದು ಒಳ್ಳೆಯದು. ಸೂಜಿ ಚುಚ್ಚಿದ್ದಕ್ಕೂ ಕೆಮ್ಮು ಬಂದದ್ದಕ್ಕೂ ನಡುವೆ ಎಷ್ಟು ಸಮಯ ಅನ್ನುವುದು ಗೊತ್ತಾದರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ವಿಷಯ ಮೊದಲೇ ಬೇರೆ ಮಾಡಿಕೊಳ್ಳಿ. ದಮ್ಮಿಗೆ, ಅಲರ್ಜಿಗೆ ಕೊಡುವ ಪ್ರೆಡ್ನಿಸೊಲೋನ್, ಡೆಕ್ಸಾಮೆಥಾಸೋನ್ ಇಲ್ಲಿಗೆ ಬರುವುದಿಲ್ಲ. ಅವು ಕಾರ್ಟಿಕೊಸ್ಟಿರಾಯ್ಡ್‌ಗಳು. ನಮ್ಮ ಮಾತು ಟೆಸ್ಟೋಸ್ಟೆರಾನ್, ನ್ಯಾಂಡ್ರೊಲೋನ್ ಗುಂಪಿನದ್ದು.

ಒಂದು ಕೇಸ್ ಕಲ್ಪಿಸಿಕೊಳ್ಳಿ. 26 ವರ್ಷದ ಹುಡುಗ. ನವರಾತ್ರಿಗೆ ಹುಲಿವೇಷ ಹಾಕಬೇಕು, ಅದಕ್ಕೆ ಮುಂಚೆ ಮೈಕಟ್ಟು ಬರಬೇಕು ಅಂತ ಜಿಮ್ಮಿನ ಗೆಳೆಯನ ಕೈಯಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳುತ್ತಿದ್ದಾನೆ. ಒಂದು ದಿನ ಸೂಜಿ ಹೊರಗೆ ತೆಗೆಯುವ ಮೊದಲೇ ಗಂಟಲು ಬಿಗಿದು ಕೆಮ್ಮು ಶುರುವಾಗುತ್ತದೆ. ಎದೆ ಭಾರ, ಬಾಯಲ್ಲಿ ಕಬ್ಬಿಣದ ರುಚಿ, ಮೈಯೆಲ್ಲ ಬೆವರು. ಹತ್ತು ನಿಮಿಷದಲ್ಲಿ ಎಲ್ಲ ಸರಿ. "ಎಂತ ಇಲ್ಲ ಮಾರಾಯ, ಎಲ್ಲರಿಗೂ ಒಮ್ಮೊಮ್ಮೆ ಆಗ್ತದೆ" ಅಂತಾನೆ ಗೆಳೆಯ.

ಆಗುವುದು ಹೌದು. ಆದರೆ ಏನಾಯಿತು? ಈ ಔಷಧಗಳಲ್ಲಿ ಹೆಚ್ಚಿನವು ನೀರಿನಲ್ಲಿ ಕರಗುವುದಿಲ್ಲ. ಹಾರ್ಮೋನಿಗೆ ಎಸ್ಟರ್ ಅನ್ನುವ ರಾಸಾಯನಿಕ ಬಾಲ ಜೋಡಿಸಿ ಎಣ್ಣೆಯಲ್ಲಿ ಕರಗಿಸಿರುತ್ತಾರೆ. ಸ್ನಾಯುವಿನೊಳಗೆ ಆ ಎಣ್ಣೆ ಒಂದು ಸಣ್ಣ ಗಂಟಿನ ಹಾಗೆ ಕೂತು, ದಿನಗಟ್ಟಲೆ ಸ್ವಲ್ಪ ಸ್ವಲ್ಪವೇ ರಕ್ತಕ್ಕೆ ಔಷಧ ಬಿಡಬೇಕು. ಸೂಜಿಯ ತುದಿ ಸಣ್ಣ ರಕ್ತನಾಳಕ್ಕೆ ತಾಗಿದರೆ ಎಣ್ಣೆಯ ಹನಿಗಳೇ ರಕ್ತಕ್ಕೆ ಸೇರುತ್ತವೆ. ಪೃಷ್ಠದ ಸಿರೆಯಿಂದ ಇಲಿಯಾಕ್ ಸಿರೆ, ಅಲ್ಲಿಂದ ಕೆಳ ಮಹಾಸಿರೆ, ಹೃದಯದ ಬಲಭಾಗ, ಪಲ್ಮನರಿ ಅಪಧಮನಿ. ಈ ದಾರಿಯಲ್ಲಿ ಮೊದಲು ಸಿಗುವ ಜರಡಿ ಶ್ವಾಸಕೋಶದ ಕ್ಯಾಪಿಲರಿಗಳು, ಅಂದರೆ ಅತಿ ಸಣ್ಣ ರಕ್ತನಾಳಗಳು. ಹನಿಗಳು ಅಲ್ಲಿ ಸಿಕ್ಕಿಕೊಳ್ಳುತ್ತವೆ. ಅದಕ್ಕೇ ಚುಚ್ಚಿದ್ದು ಸೊಂಟದ ಕೆಳಗಾದರೂ ತೊಂದರೆ ಕಾಣುವುದು ಎದೆಯಲ್ಲಿ. ಹೆಸರು ಪಲ್ಮನರಿ ಆಯಿಲ್ ಮೈಕ್ರೊಎಂಬಾಲಿಸಂ, ಸಂಕ್ಷಿಪ್ತವಾಗಿ ಪೋಮ್.

ಕೆಮ್ಮು ಯಾಕೆ ಅನ್ನುವುದಕ್ಕೆ ಫಿಸಿಯಾಲಜಿ ನೋಟ್ಸ್ ತೆಗೆಯಿರಿ. ಕ್ಯಾಪಿಲರಿಗಳ ಪಕ್ಕದಲ್ಲಿರುವ ನರದ ತುದಿಗಳಾದ ಜೆ ರಿಸೆಪ್ಟರ್‌ಗಳು ನೆನಪಿದೆಯಲ್ವಾ? ನಮ್ಮ ದೇಶದ ಫಿಸಿಯಾಲಜಿ ವಿಜ್ಞಾನಿ ಎ. ಎಸ್. ಪೈಂಟಲ್ 1950ರ ದಶಕದಲ್ಲಿ ಕಂಡುಹಿಡಿದದ್ದು. ಶ್ವಾಸಕೋಶದಲ್ಲಿ ರಕ್ತ ಕಟ್ಟಿದರೆ, ನೀರು ತುಂಬಿದರೆ, ಎಂಬಾಲಿ (ರಕ್ತದಲ್ಲಿ ತೇಲಿ ಬಂದ ಹನಿ, ಹೆಪ್ಪು) ಬಂದು ಕೂತರೆ ಇವು ಎಚ್ಚರಾಗುತ್ತವೆ. ಉಸಿರು ಮೇಲ್ಮೇಲೆ, ಬೇಗ ಬೇಗ ಆಗುತ್ತದೆ. ಒಣ ಕೆಮ್ಮು ಬರುತ್ತದೆ. ಎರಡು ಅಂಕಕ್ಕೆ ಓದಿ ಬಿಟ್ಟ ಈ ರಿಸೆಪ್ಟರ್ ಇಲ್ಲಿ ಒಂದು ಸಲ, ಮುಂದೆ ಹೃದಯದ ಭಾಗದಲ್ಲಿ ಇನ್ನೊಂದು ಸಲ ಉಪಯೋಗಕ್ಕೆ ಬರುತ್ತದೆ.

ಇದು ಕದ್ದು ತಂದ ಮಾಲಿನ ತೊಂದರೆ ಮಾತ್ರ ಅಂತ ತಿಳಿಯಬೇಡಿ. ಹಾರ್ಮೋನ್ ಕೊರತೆ ಇರುವವರಿಗೆ ಡಾಕ್ಟರೇ ಬರೆದುಕೊಡುವ ಟೆಸ್ಟೋಸ್ಟೆರಾನ್ ಅಂಡೆಕನೋಯೇಟ್ ಹರಳೆಣ್ಣೆಯಲ್ಲಿ ಇರುತ್ತದೆ. 1000 ಮಿಲಿಗ್ರಾಂಗೆ 4 ಮಿಲಿಲೀಟರ್. ಹರಳೆಣ್ಣೆ ಎಷ್ಟು ದಪ್ಪ ಅಂತ ನಿಮಗೆ ಗೊತ್ತೇ ಇದೆ. ಅದಕ್ಕೆ ಬಹಳ ನಿಧಾನವಾಗಿ ಕೊಡಬೇಕು ಅಂತ ನಿಯಮ. ಅಮೆರಿಕದಲ್ಲಿ 2014ರಲ್ಲಿ ಇದೇ ಔಷಧಕ್ಕೆ ಒಪ್ಪಿಗೆ ಕೊಟ್ಟಾಗ, ಇಂಜೆಕ್ಷನ್ ಆದ ಮೇಲೆ 30 ನಿಮಿಷ ಆಸ್ಪತ್ರೆಯಲ್ಲೇ ಕೂರಿಸಿ ನೋಡಬೇಕು ಅಂತ ಷರತ್ತು ಹಾಕಿದರು. ಜಿಮ್ಮಿನ ಬಾತ್‌ರೂಮಿನಲ್ಲಿ ಆ 30 ನಿಮಿಷ ನೋಡುವವರು ಯಾರು?

ಜಿಮ್ಮಿನವರು 'ಟ್ರೆನ್ ಕಾಫ್' ಅನ್ನುವುದೂ ಇಂಥದ್ದೇ ಕೆಮ್ಮು. ಟ್ರೆನ್‌ಬೊಲೋನ್ ಅಮೆರಿಕದಲ್ಲಿ ಮಾಂಸದ ದನಗಳ ಕಿವಿಗೆ ಇಂಪ್ಲಾಂಟ್ ಆಗಿ ಹಾಕುವ ಔಷಧ. ಮನುಷ್ಯರಿಗೆ ಅಲ್ಲ. ಇಂಥ ಬಾಟಲಿಗಳಲ್ಲಿ ಎಣ್ಣೆಯ ಜೊತೆ, ಔಷಧ ಕರಗಲು ಮತ್ತು ಕೆಡದಿರಲು ಹಾಕುವ ಬೆಂಜೈಲ್ ಆಲ್ಕೋಹಾಲ್, ಬೆಂಜೈಲ್ ಬೆಂಜೊಯೇಟ್ ಕೂಡ ಇರುತ್ತವೆ. ಎರಡನೆಯದನ್ನು ನೀವು ಕಜ್ಜಿಗೆ ಹಚ್ಚುವ ಲೋಷನ್ನಿನಲ್ಲಿ ನೋಡಿದ್ದೀರಿ. ಕಂಪನಿ ಔಷಧದಲ್ಲೂ ಇವು ಇರುತ್ತವೆ, ಆದರೆ ಅಳತೆಯಲ್ಲಿ. ಲೇಬಲ್ಲೇ ಸುಳ್ಳಾದ ಬಾಟಲಿಯಲ್ಲಿ ಅಳತೆಯ ಮಾತೇ ಇಲ್ಲ.

ಅದೇ ಮೊದಲ ನಿಮಿಷಗಳಲ್ಲಿ ಬರುವ ಇನ್ನೊಂದು ಕಾರಣ ಅಲರ್ಜಿ. ಕೆಲವು ಟೆಸ್ಟೋಸ್ಟೆರಾನ್ ಮಿಶ್ರಣಗಳು, ನ್ಯಾಂಡ್ರೊಲೋನ್ ಡೆಕನೋಯೇಟ್ ಇಂಜೆಕ್ಷನ್‌ಗಳು ನೆಲಗಡಲೆ ಎಣ್ಣೆಯಲ್ಲಿ ಬರುತ್ತವೆ. ಎಳ್ಳೆಣ್ಣೆ, ಹತ್ತಿಬೀಜದ ಎಣ್ಣೆಯಲ್ಲಿ ಬರುವವೂ ಇವೆ. ನೆಲಗಡಲೆ ಆಗದವನಿಗೆ ಮೊದಲಿನದು ಕೊಡುವ ಹಾಗೇ ಇಲ್ಲ. ಕೆಮ್ಮಿನ ಜೊತೆ ಮೈಮೇಲೆ ದದ್ದು, ತುಟಿ ಊತ, ಉಬ್ಬಸ, ಬಿಪಿ ಇಳಿಕೆ ಇದ್ದರೆ ಅದು ಅನಾಫಿಲಾಕ್ಸಿಸ್, ಜೀವಕ್ಕೆ ಅಪಾಯದ ಅಲರ್ಜಿ. ತೊಡೆಗೆ ಅಡ್ರಿನಾಲಿನ್ ಕೊಡಬೇಕು. "ಸ್ವಲ್ಪ ಹೊತ್ತು ಕಾಯುವ" ಅನ್ನುವ ಮಾತೇ ಬೇಡ.

ಈಗ ಗಡಿಯಾರ ಬಿಟ್ಟು ಕ್ಯಾಲೆಂಡರ್ ನೋಡಿ. ವಾರಗಟ್ಟಲೆ ಔಷಧ ನಡೆದಾಗ ಟೆಸ್ಟೋಸ್ಟೆರಾನ್ ಹೆಪ್ಸಿಡಿನ್ ಅನ್ನು (ದೇಹಕ್ಕೆ ಕಬ್ಬಿಣ ಸಿಗದಂತೆ ತಡೆಯುವ ಹಾರ್ಮೋನ್) ತಗ್ಗಿಸಿ ಕೆಂಪು ರಕ್ತಕಣ ಜಾಸ್ತಿ ಮಾಡುತ್ತದೆ. ಹಿಮಟೋಕ್ರಿಟ್, ಅಂದರೆ ರಕ್ತದಲ್ಲಿ ಕೆಂಪು ಕಣಗಳ ಪಾಲು, 54% ದಾಟಿದರೆ ಚಿಕಿತ್ಸೆಗೆ ಕೊಡುವ ಟೆಸ್ಟೋಸ್ಟೆರಾನನ್ನೂ ನಿಲ್ಲಿಸಬೇಕು ಅಂತ ಮಾರ್ಗಸೂಚಿ ಹೇಳುತ್ತದೆ. ರಕ್ತ ದಪ್ಪವಾದರೆ ತಲೆನೋವು, ಸುಸ್ತು, ಹೆಪ್ಪುಗಟ್ಟುವ ಭಯ. ಒಂದೇ ಕಾಲು ಊದಿ ಮೀನಖಂಡ ನೋಯುತ್ತಿದ್ದು, ಥಟ್ಟನೆ ಉಸಿರು ಕಟ್ಟಿ, ಕಫದಲ್ಲಿ ರಕ್ತ ಬಂದರೆ ಈ ಬಾರಿ ಶ್ವಾಸಕೋಶಕ್ಕೆ ಹೋದದ್ದು ಎಣ್ಣೆಯಲ್ಲ, ರಕ್ತದ ಹೆಪ್ಪು ಅಂತ ಅನುಮಾನಿಸಿ. ಪೋಮ್ ಸಾಮಾನ್ಯವಾಗಿ ನಿಮಿಷಗಳಲ್ಲಿ ಇಳಿಯುತ್ತದೆ. ಇದು ಹಾಗೆ ಇಳಿಯುವುದಲ್ಲ.

ನನಗೆ ಎಲ್ಲಕ್ಕಿಂತ ಹೆದರಿಕೆ ಹುಟ್ಟಿಸುವುದು ಹೃದಯದ ಕೆಮ್ಮು. ಯಾಕೆಂದರೆ ಅದು ಮೆಲ್ಲಗೆ ಬರುತ್ತದೆ. 2017ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ ವರ್ಷಗಟ್ಟಲೆ ಭಾರ ಎತ್ತಿದ 140 ಗಂಡಸರ ಹೃದಯ ಪರೀಕ್ಷಿಸಿದರು. 86 ಮಂದಿ ಸ್ಟಿರಾಯ್ಡ್ ಬಳಸಿದವರು, 54 ಮಂದಿ ಬಳಸದವರು. ಎಡ ಹೃತ್ಕುಕ್ಷಿಯ ಎಜೆಕ್ಷನ್ ಫ್ರಾಕ್ಷನ್ (ಒಂದು ಬಡಿತಕ್ಕೆ ಅದು ಹೊರಗೆ ತಳ್ಳುವ ರಕ್ತದ ಪಾಲು) ಬಳಸದವರಲ್ಲಿ ಸರಾಸರಿ 63%, ಬಳಸಿದವರಲ್ಲಿ 52%. ತೋಳು ದಪ್ಪವಾಗಿದೆ, ಹೃದಯ ಸೋತಿದೆ. ಪಂಪ್ ಸೋತರೆ ಶ್ವಾಸಕೋಶದಲ್ಲಿ ರಕ್ತ ನಿಲ್ಲುತ್ತದೆ, ಮತ್ತೆ ಅದೇ ಜೆ ರಿಸೆಪ್ಟರ್‌ಗಳು. ರಾತ್ರಿ ಮಲಗಿದಾಗ ಕೆಮ್ಮು, ಎದ್ದು ಕೂತರೆ ಕಡಿಮೆ. ಎರಡು ದಿಂಬು ಬೇಕು. ಮೆಟ್ಟಿಲು ಹತ್ತಿದರೆ ಸುಸ್ತು, ಸಂಜೆಗೆ ಪಾದ ಊತ. 30 ದಾಟದವನಿಗೆ ಹೀಗಾದರೆ ಯಾರೂ ಹೃದಯ ಅಂತ ಯೋಚಿಸುವುದಿಲ್ಲ. ಮಳೆಗಾಲದ ದಮ್ಮು ಅಂತ ಇನ್‌ಹೇಲರ್ ಕೊಟ್ಟು ಕಳಿಸುವುದು ಸುಲಭ. ಇಸಿಜಿ, ಎಕೋ ಮಾಡಿಸದೆ ಬಿಡಬಾರದು. ಬಿಪಿ ಏರಿ ಎನಲಾಪ್ರಿಲ್, ರಾಮಿಪ್ರಿಲ್ ಶುರು ಮಾಡಿದ್ದರೆ ಆ ಮಾತ್ರೆಯೇ ಒಣ ಕೆಮ್ಮು ತರಬಹುದು. ಔಷಧದ ಚೀಟಿ ಕೇಳಿ ನೋಡಿ.

ಎಲ್ಲದಕ್ಕೂ ಸ್ಟಿರಾಯ್ಡನ್ನೇ ದೂರುವುದೂ ಸರಿಯಲ್ಲ. ಎರಡು ವಾರ ದಾಟಿದ ಯಾವ ಕೆಮ್ಮಿಗೂ ಕಫ ಪರೀಕ್ಷೆ ಆಗಬೇಕು. ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಾಗಲಿ ಉಡುಪಿಯ ಅಜ್ಜರಕಾಡು ಆಸ್ಪತ್ರೆಯಲ್ಲಾಗಲಿ ಕ್ಷಯದ ಪರೀಕ್ಷೆ ಉಚಿತ. ಜ್ವರ, ಮೈಕೈ ನೋವು ಇದ್ದರೆ ನಮ್ಮ ಊರಿನಲ್ಲಿ ಮಲೇರಿಯಾ, ಇಲಿಜ್ವರ ಮೊದಲು ನೆನಪಾಗಬೇಕು. ಜಿಮ್ ಹುಡುಗ ಆ ನೋವನ್ನು ವರ್ಕೌಟಿನ ಲೆಕ್ಕಕ್ಕೆ ಬರೆದುಕೊಂಡಿರುತ್ತಾನೆ. ಚುಚ್ಚಿದ ಜಾಗ ಕೆಂಪಾಗಿ, ಬಿಸಿಯಾಗಿ, ಚಳಿಜ್ವರ ಬಂದರೆ ಕೀವುಗಡ್ಡೆ. ಸೂಜಿ ಅಥವಾ ಬಾಟಲಿ ಹಂಚಿಕೊಂಡಿದ್ದರೆ ಎಚ್‌ಐವಿ, ಹೆಪಟೈಟಿಸ್ ಬಿ, ಸಿ ಪರೀಕ್ಷೆಯೂ ಬೇಕು.

ಲಿವರ್ ಬಗ್ಗೆ ಎರಡೇ ಮಾತು. ಲಿವರ್ ಕೆಡಿಸುವುದರಲ್ಲಿ ಮಾತ್ರೆಗಳೇ ಮುಂದೆ, ಆದರೆ ಇಂಜೆಕ್ಷನ್ ಹಾಕುವವರಲ್ಲಿ ಹಲವರು ಮಾತ್ರೆಯನ್ನೂ ನುಂಗುತ್ತಾರೆ. ಎಎಸ್‌ಟಿ, ಎಎಲ್‌ಟಿ ಅನ್ನುವ ಲಿವರ್ ಪರೀಕ್ಷೆಯ ಅಂಕಿಗಳು ಜೋರು ವ್ಯಾಯಾಮಕ್ಕೂ ಏರುತ್ತವೆ, ಹಾಗಾಗಿ ಜಿಜಿಟಿ ಅನ್ನುವ ಇನ್ನೊಂದು ಲಿವರ್ ಅಂಕಿಯನ್ನು ಜೊತೆಗಿಟ್ಟು ಓದಿ. ಅದು ಸ್ನಾಯುವಿನಿಂದ ಬರುವುದಿಲ್ಲ.

ಸುಸ್ತು ಜಾಸ್ತಿ ಕಾಡುವುದು ಔಷಧ ನಿಲ್ಲಿಸಿದ ಮೇಲೆ. ಹೊರಗಿನಿಂದ ಹಾರ್ಮೋನ್ ಬರುತ್ತಿದ್ದಾಗ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿ, ವೃಷಣಕ್ಕೆ ಕೆಲಸ ಹೇಳುವ ಹಾರ್ಮೋನುಗಳಾದ ಎಲ್‌ಎಚ್, ಎಫ್‌ಎಸ್‌ಎಚ್ ಕಳಿಸುವುದನ್ನು ನಿಲ್ಲಿಸಿಬಿಟ್ಟಿರುತ್ತದೆ. ವೃಷಣ ಸುಮ್ನೆ ಕೂತಿರುತ್ತದೆ. ಮತ್ತೆ ಚಾಲೂ ಆಗಲು ತಿಂಗಳುಗಳು ಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ. ಲ್ಯಾಬ್ ರಿಪೋರ್ಟನ್ನು ಜೋಡಿಯಾಗಿ ಓದಿ: ಟೆಸ್ಟೋಸ್ಟೆರಾನ್ ಜಾಸ್ತಿ, ಎಲ್‌ಎಚ್ ಸೊನ್ನೆಯ ಹತ್ತಿರ ಇದ್ದರೆ ಹೊರಗಿನ ಟೆಸ್ಟೋಸ್ಟೆರಾನ್ ಇನ್ನೂ ನಡೆಯುತ್ತಿದೆ. ಎರಡೂ ಕಡಿಮೆ ಇದ್ದರೆ ಇತ್ತೀಚೆಗೆ ನಿಲ್ಲಿಸಿರಬಹುದು, ಇಲ್ಲವೇ ನ್ಯಾಂಡ್ರೊಲೋನ್‌ನಂಥದ್ದು ನಡೆಯುತ್ತಿರಬಹುದು. ಸುಸ್ತು ತಾಳಲಾರದೆ ಮತ್ತೆ ಸೂಜಿ ಹಿಡಿಯುವವರಿದ್ದಾರೆ, ಈ ಸುತ್ತು ಇಲ್ಲಿಂದಲೇ ಶುರುವಾಗುತ್ತದೆ.

ಇದೆಲ್ಲ ತಿಳಿಯಬೇಕಾದರೆ ಅವನು ಬಾಯಿ ಬಿಡಬೇಕು. ಅಮ್ಮ ಪಕ್ಕದಲ್ಲಿ ನಿಂತಿದ್ದರೆ ಬಿಡುವುದಿಲ್ಲ. ಅವರನ್ನು ಹೊರಗೆ ಕೂರಿಸಿ, ತುಳು ಬಂದರೆ ತುಳುವಿನಲ್ಲೇ ಕೇಳಿ. "ಅಣ್ಣ, ಪ್ರೊಟೀನ್ ಪೌಡರ್ ಬಿಟ್ಟು ಬೇರೆ ಎಂತಾದರೂ ತಗೊಳ್ತೀರಾ? ಇಂಜೆಕ್ಷನ್?" ಅಂತ ಸಾಮಾನ್ಯ ದನಿಯಲ್ಲಿ. ಉಪದೇಶ ಬೇಡ. ನಿಲ್ಲಿಸಿದವನಾದರೆ ನಿದ್ದೆ, ಮನಸ್ಸು ಹೇಗಿದೆ ಅಂತಲೂ ಕೇಳಬೇಕು. ಈ ಹೊತ್ತಿನ ಖಿನ್ನತೆ ಆತ್ಮಹತ್ಯೆಯ ಯೋಚನೆವರೆಗೂ ಹೋಗುವುದುಂಟು. ಅಂಥ ಸೂಚನೆ ಸಿಕ್ಕರೆ ಅವತ್ತೇ ಮನೋವೈದ್ಯರಿಗೆ ತೋರಿಸಿ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416 ನಂಬರನ್ನು ಚೀಟಿಯ ಹಿಂದೆ ಬರೆದುಕೊಡಿ.