ಮಾರ್ಟೀನಾ ಎಂಬ ಜಿರಳೆಯ ಮದುವೆ ಕಥೆ

ಮನೆ ಗುಡಿಸುವಾಗ ಮಾರ್ಟೀನಾ ಎಂಬ ಜಿರಳೆಗೆ ಒಂದು ನಾಣ್ಯ ಸಿಗುತ್ತದೆ. ಅದರಲ್ಲಿ ಪೌಡರ್ ಕೊಂಡು ಹಚ್ಚಿಕೊಂಡು ಕೂರುತ್ತಾಳೆ. ಬೆಕ್ಕು, ಹುಂಜ ಎಲ್ಲ ಮದುವೆ ಆಗ್ತೀಯಾ ಅಂತ ಬರುತ್ತವೆ. ‘ನನ್ನ ಜೊತೆ ಹೇಗೆ ಮಾತಾಡ್ತೀಯ?’ ಅಂತ ಅವಳ ಪ್ರಶ್ನೆ. ಅವುಗಳ ದನಿ ಕೇಳಿದ್ದೇ ಬೇಡ ಅನ್ನುತ್ತಾಳೆ. ಪೆರೆಸ್ ಎಂಬ ಇಲಿಯ ಮೆಲುದನಿ ಮಾತ್ರ ಹಿಡಿಸುತ್ತದೆ. ಮದುವೆಯೂ ಆಗುತ್ತದೆ. ಆದರೆ ಕ್ರಿಸ್‌ಮಸ್‌ಗೆ ಮಾಡಿದ ಅಕ್ಕಿ ಪಾಯಸದ ಆಸೆಗೆ ಹೋದ ಪೆರೆಸ್ ಪಾತ್ರೆಯೊಳಗೇ ಬಿದ್ದು ಸಾಯುತ್ತಾನೆ.

ನಾನು ಟೆಕ್ಸಸ್‌ನ ಒಂದು ಸಾರ್ವಜನಿಕ ಲೈಬ್ರರಿಯಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುತ್ತೇನೆ. ಸ್ಪ್ಯಾನಿಷ್ ಮಾತಾಡುವ ಮನೆಗಳಲ್ಲಿ ಒಂದೊಂದು ಕಡೆ ಒಂದೊಂದು ಥರ ಹೇಳುವ ಜಾನಪದ ಕಥೆ ಇದು. ಕಥಾ ಸಮಯದಲ್ಲಿ, ಅಂದರೆ ಮಕ್ಕಳನ್ನು ಕೂರಿಸಿ ಕಥೆ ಹೇಳುವ ಹೊತ್ತಲ್ಲಿ, ಇದನ್ನು ಹೇಳಿದರೆ ಸಾಕು, ಜಗಳ ಶುರು. ಅದು ಪಾಯಸ ಅಲ್ಲ, ಈರುಳ್ಳಿ ಬೇಯ್ತಿದ್ದ ಪಾತ್ರೆ ಅಂತ ಒಂದು ಮಗು. ಪೆರೆಸ್ ಸಾಯೋದೇ ಇಲ್ಲ ಅಂತ ಇನ್ನೊಂದು. ಕ್ಯೂಬಾ ಕಡೆಯ ಮನೆಯ ಮಗುವಿಗೆ ಬೇರೆಯೇ ಕಥೆ ಗೊತ್ತಿರಬಹುದು. ಕಾರ್ಮೆನ್ ಆಗ್ರಾ ಡೀಡಿ 2007ರಲ್ಲಿ ಬರೆದ ಪುಸ್ತಕದಲ್ಲಿ ಮಾರ್ಟೀನಾಗೆ ಅವಳ ಅಜ್ಜಿ ಒಂದು ಉಪಾಯ ಹೇಳಿಕೊಡುತ್ತಾಳೆ: ಬಂದವನ ಬೂಟಿನ ಮೇಲೆ ಕಾಫಿ ಚೆಲ್ಲು, ಸಿಟ್ಟು ಬಂದಾಗ ಹೇಗೆ ಮಾತಾಡ್ತಾನೆ ನೋಡು. ಹೆಣ್ಣು ಕೊಡುವವರು ಎಲ್ಲ ಕಡೆ ಕಲಿಯಬೇಕಾದ ಉಪಾಯ ಅಲ್ವಾ?

ಹೊಸಬರು ಕೆಲಸಕ್ಕೆ ಸೇರಿದಾಗ ನಾನು ಹೇಳುವುದು ಇದನ್ನೇ. ಆ ಜಗಳ ನಿಲ್ಲಿಸಬೇಡಿ. ಪುಸ್ತಕದಲ್ಲಿ ಹೀಗೇ ಇದೆ ಅಂತ ಬಾಯಿ ಮುಚ್ಚಿಸಿದರೆ, ಆ ಮಗುವಿನ ಅಜ್ಜಿಯ ಕಥೆ ತಪ್ಪು ಅಂದಹಾಗೆ ಆಗುತ್ತದೆ.

ಪಾಯಸದ ಕೊನೆಯ ಈ ಕಥೆಯನ್ನು ಅಮೆರಿಕದ ಲೈಬ್ರರಿಗೆ ತಂದವರು ಪೂರಾ ಬೆಲ್ಪ್ರೆ. ಕೆರಿಬಿಯನ್ ದ್ವೀಪ ಪೋರ್ಟೊ ರಿಕೊದವರು. 1920ರಲ್ಲಿ ಅಕ್ಕನ ಮದುವೆಗೆಂದು ನ್ಯೂಯಾರ್ಕ್‌ಗೆ ಬಂದು ಅಲ್ಲೇ ಉಳಿದರು. ಮರುವರ್ಷ ಅಲ್ಲಿನ ಹಾರ್ಲೆಮ್ ಬಡಾವಣೆಯ 135ನೇ ಬೀದಿಯ ಲೈಬ್ರರಿಯಲ್ಲಿ ಕೆಲಸ ಸಿಕ್ಕಿತು. ನ್ಯೂಯಾರ್ಕ್ ಪಬ್ಲಿಕ್ ಲೈಬ್ರರಿಗೆ ಸೇರಿದ ಮೊದಲ ಪೋರ್ಟೊ ರಿಕೊ ಮೂಲದ ಲೈಬ್ರೇರಿಯನ್ ಅವರೇ. ಜಾನಪದ ಕಥೆಗಳ ಕಪಾಟಿನಲ್ಲಿ ಹುಡುಕಿದರೆ ಅವರ ಊರಿನ ಕಥೆ ಒಂದೂ ಇರಲಿಲ್ಲ. ಆಗ ಅಲ್ಲಿನ ಕಥಾ ಸಮಯದಲ್ಲಿ ಅಚ್ಚಾದ ಕಥೆಗಳನ್ನೇ ಹೇಳುವ ರೂಢಿ. ಅಚ್ಚಾಗದ ಕಥೆಗೆ ಅಲ್ಲಿ ಜಾಗವಿಲ್ಲ, ಜಾಗ ಸಿಗದ ಕಥೆಯನ್ನು ಯಾರೂ ಅಚ್ಚು ಮಾಡುವುದಿಲ್ಲ. ಬೆಲ್ಪ್ರೆ ಅಜ್ಜಿಯಿಂದ ಕೇಳಿದ್ದ ಮಾರ್ಟೀನಾ ಕಥೆಯನ್ನು ಬರೆದರು, ಹೇಳಲು ಒಪ್ಪಿಗೆ ಪಡೆದರು. 1932ರಲ್ಲಿ ಅದು ‘ಪೆರೆಸ್ ಅಂಡ್ ಮಾರ್ಟೀನಾ’ ಪುಸ್ತಕವಾಗಿ ಬಂತು.

ನನಗೆ ಪುಸ್ತಕಕ್ಕಿಂತ ದೊಡ್ಡದಾಗಿ ಕಾಣುವುದು ಅವರು ಲೈಬ್ರರಿಯನ್ನು ನಡೆಸಿದ ರೀತಿ. 1929ರಲ್ಲಿ ಅವರನ್ನು 115ನೇ ಬೀದಿಯ ಶಾಖೆಗೆ ಕಳಿಸಿದರು. ಸುತ್ತ ಸ್ಪ್ಯಾನಿಷ್ ಮಾತಾಡುವ ಕುಟುಂಬಗಳು ತುಂಬಿಕೊಳ್ಳುತ್ತಿದ್ದವು. ಬೆಲ್ಪ್ರೆ ಎರಡೂ ಭಾಷೆಯಲ್ಲಿ ಕಥೆ ಹೇಳಿದರು, ಸ್ಪ್ಯಾನಿಷ್ ಪುಸ್ತಕ ತರಿಸಿದರು, ಗೊಂಬೆಯಾಟ ಆಡಿಸಿದರು, ಶಿಶು ಯೇಸುವನ್ನು ನೋಡಲು ಬಂದ ಮೂರು ರಾಜರ ಹಬ್ಬವನ್ನು ಜನವರಿ 6ರಂದು ಲೈಬ್ರರಿಯಲ್ಲೇ ಮಾಡಿದರು. ಇಂಗ್ಲಿಷ್ ಬಾರದ ತಾಯಂದಿರು ಒಳಗೆ ಕಾಲಿಟ್ಟರು. ನಡುವೆ ಕೆಲಸ ಬಿಟ್ಟಿದ್ದವರು 1960ರ ದಶಕದಲ್ಲಿ ಮರಳಿ ಬಂದು ಅದೇ ಕೆಲಸ ಮಾಡಿದರು. 1982ರಲ್ಲಿ ತೀರಿಕೊಂಡರು.

ಅವರ ಹೆಸರಿನ ಪ್ರಶಸ್ತಿ 1996ರಲ್ಲಿ ಶುರುವಾಯಿತು. ಮೊದಲು ಎರಡು ವರ್ಷಕ್ಕೊಮ್ಮೆ, 2009ರಿಂದ ಪ್ರತಿವರ್ಷ. ಲ್ಯಾಟಿನೋ, ಅಂದರೆ ಲ್ಯಾಟಿನ್ ಅಮೆರಿಕ ಮೂಲದವರ, ಬದುಕನ್ನು ಚೆನ್ನಾಗಿ ತೋರಿಸುವ ಲ್ಯಾಟಿನೋ ಲೇಖಕರಿಗೆ, ಚಿತ್ರಕಾರರಿಗೆ ಕೊಡುತ್ತಾರೆ. ಹೊಸ ಪುಸ್ತಕ ತರಿಸುವಾಗ ನಾನು ಮೊದಲು ನೋಡುವ ಪಟ್ಟಿ ಅದು.

ಆದರೂ ಆಯ್ಕೆ ಸುಲಭವಲ್ಲ. ಸೆಪ್ಟೆಂಬರ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಇಲ್ಲಿ ಹಿಸ್ಪಾನಿಕ್, ಅಂದರೆ ಸ್ಪ್ಯಾನಿಷ್ ಮಾತಿನ ಮೂಲದವರ, ಪರಂಪರೆಯ ತಿಂಗಳು. ಆಗ ಎಲ್ಲರೂ ಹಬ್ಬ, ಅಡುಗೆ, ಬಣ್ಣದ ಲಂಗದ ಪುಸ್ತಕಗಳನ್ನು ಮುಂದೆ ಜೋಡಿಸುತ್ತಾರೆ. ಹಬ್ಬ ಬೇಡ ಅಂತಲ್ಲ. ವರ್ಷಪೂರ್ತಿ ಮಕ್ಕಳು ಹಬ್ಬವನ್ನೇ ಮಾಡ್ತಾ ಇರಲ್ಲ ಅಷ್ಟೇ. ಮೆಗ್ ಮೆಡೀನಾ ಅವರ ‘ಮೆರ್ಸಿ ಸುವಾರೆಸ್’ಗೆ 2019ರಲ್ಲಿ ಮಕ್ಕಳ ಪುಸ್ತಕಕ್ಕೆ ಕೊಡುವ ನ್ಯೂಬೆರಿ ಪದಕ ಬಂತು. ಅದರಲ್ಲಿ ಆರನೇ ಕ್ಲಾಸಿನ ಹುಡುಗಿಗೆ ಶಾಲೆಯ ತಾಪತ್ರಯ ಒಂದು ಕಡೆ, ಮರೆವು ಹೆಚ್ಚುತ್ತಿರುವ ತಾತ ಇನ್ನೊಂದು ಕಡೆ. ಅಕ್ಕಪಕ್ಕದ ಮೂರು ಮನೆಗಳಲ್ಲಿ ಇಡೀ ಕುಟುಂಬ. ಈ ಪುಸ್ತಕ ಕೊಟ್ಟರೆ ನಮ್ಮ ಕನ್ನಡದ ಮಕ್ಕಳೂ ಬಿಡದೆ ಓದುತ್ತಾರೆ.

ಸ್ವಲ್ಪ ಗಟ್ಟಿ ವಿಷಯ ಬೇಕಾದರೆ ಡಂಕನ್ ಟೊನಾಟಿಯು ಅವರು ಮೆಂಡೆಸ್ ಕುಟುಂಬದ ಬಗ್ಗೆ ಮಾಡಿದ ಪುಸ್ತಕ ಕೊಡುತ್ತೇನೆ. ಕ್ಯಾಲಿಫೋರ್ನಿಯಾದಲ್ಲಿ ಮೆಕ್ಸಿಕನ್ ಮಕ್ಕಳನ್ನು ಬೇರೆ ಶಾಲೆಗೆ ಕಳಿಸುತ್ತಿದ್ದರು. ಮೆಂಡೆಸ್ ಕುಟುಂಬ ಕೋರ್ಟಿಗೆ ಹೋಗಿ ಗೆದ್ದಿತು. 1947ರಲ್ಲಿ ಮೇಲ್ಮನವಿ ಕೋರ್ಟೂ ಅದನ್ನೇ ಎತ್ತಿಹಿಡಿಯಿತು. ಶಾಲೆಗಳಲ್ಲಿ ಬಣ್ಣದ ಮೇಲೆ ಬೇರೆ ಮಾಡುವುದು ತಪ್ಪು ಅಂತ ಸುಪ್ರೀಂ ಕೋರ್ಟ್ ಹೇಳಿದ್ದು ಅದಾದ ಏಳು ವರ್ಷಕ್ಕೆ. ಪುಸ್ತಕದ ಚಿತ್ರಗಳು ಮೆಕ್ಸಿಕೋದ ಮೂಲನಿವಾಸಿಗಳಾದ ಮಿಶ್ಟೆಕ್ ಜನರ ಹಳೆಯ ಹಸ್ತಪ್ರತಿಗಳ ಶೈಲಿಯಲ್ಲಿವೆ. ಮುಖಗಳೆಲ್ಲ ಒಂದು ಪಕ್ಕಕ್ಕೆ, ಕಿವಿಗಳು ಇಂಗ್ಲಿಷ್‌ನ ಮೂರರ ಅಂಕಿಯ ಹಾಗೆ. ಮಕ್ಕಳು ಮೊದಲು ಕಿವಿ ನೋಡಿ ನಗುತ್ತಾರೆ, ಆಮೇಲೆ ಕಥೆಗೆ ಬರುತ್ತಾರೆ.

ಪ್ಯಾಟ್ ಮೋರಾ ಅವರ ಒಂದು ಪುಸ್ತಕ ಲೈಬ್ರರಿಯವರಿಗೆಲ್ಲ ಇಷ್ಟ, ಕಾರಣ ಕಥೆಯಲ್ಲೇ ಇದೆ. ಟೆಕ್ಸಸ್‌ನ ಕೂಲಿ ಕುಟುಂಬದ ಹುಡುಗ ಟೊಮಾಸ್ ಬೆಳೆ ಕೊಯ್ಲಿಗೆ ಅಪ್ಪ ಅಮ್ಮನ ಜೊತೆ ಅಯೋವಾಗೆ ಹೋಗುತ್ತಾನೆ. ಅಲ್ಲಿ ಒಬ್ಬ ಲೈಬ್ರೇರಿಯನ್ ಒಳಗೆ ಕರೆದು ಪುಸ್ತಕ ಕೊಡುತ್ತಾರೆ. ನಿಜವಾಗಿ ಬದುಕಿದ್ದ ಟೊಮಾಸ್ ರಿವೇರಾ ಅವರ ಬಾಲ್ಯದ ಮೇಲೆ ಮೋರಾ ಬರೆದ ಕಥೆ ಇದು. ರಿವೇರಾ ಮುಂದೆ ಲೇಖಕರಾದರು, 1979ರಲ್ಲಿ ರಿವರ್‌ಸೈಡ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಮುಖ್ಯಸ್ಥರಾದರು. ಅಲ್ಲಿನ ಲೈಬ್ರರಿಗೆ ಈಗ ಅವರದೇ ಹೆಸರು. ಮಕ್ಕಳ ಮತ್ತು ಪುಸ್ತಕಗಳ ದಿನ ಅಂತ ಏಪ್ರಿಲ್ 30ನ್ನು 1996ರಲ್ಲಿ ಶುರು ಮಾಡಿಸಿದವರೂ ಮೋರಾ ಅವರೇ. ಮೆಕ್ಸಿಕೋದಲ್ಲಿ ಅದು ಮೊದಲಿಂದ ಮಕ್ಕಳ ದಿನ.

ಎರಡು ಭಾಷೆಯ ಕಥಾ ಸಮಯ ನೋಡಿದ ಕನ್ನಡದ ಅಪ್ಪ ಅಮ್ಮಂದಿರು ಕೇಳುತ್ತಾರೆ, ನಾವೂ ಕನ್ನಡದಲ್ಲಿ ಹೀಗೆ ಮಾಡಬಹುದಾ ಅಂತ. ಧಾರಾಳವಾಗಿ. ನಾನು ನಡೆಸುವ ಕ್ರಮ ಹೇಳ್ತೀನಿ. ಒಂದು ಸಾಲು ಓದಿ, ಅದನ್ನೇ ಇನ್ನೊಂದು ಭಾಷೆಯಲ್ಲಿ ಹೇಳಬೇಡಿ. ಮಕ್ಕಳು ತಮಗೆ ಸುಲಭವಾದ ಸಾಲಿಗಾಗಿ ಕಾದು, ಇನ್ನೊಂದನ್ನು ಕೇಳುವುದೇ ಇಲ್ಲ. ಕಥೆ ಒಂದು ಭಾಷೆಯಲ್ಲಿ ಓಡಲಿ. ಮತ್ತೆ ಮತ್ತೆ ಬರುವ ಸಾಲು, ಪ್ರಾಣಿಗಳ ಕೂಗು, ಪ್ರಶ್ನೆ ಉತ್ತರ ಇನ್ನೊಂದರಲ್ಲಿ ಇರಲಿ. ಮಾರ್ಟೀನಾ ಕೇಳುವ ಪ್ರಶ್ನೆಯನ್ನು ನಾನು ಸ್ಪ್ಯಾನಿಷ್‌ನಲ್ಲೇ ಬಿಡುತ್ತೇನೆ. ಮೂರನೇ ಗಂಡು ಬರುವಷ್ಟರಲ್ಲಿ ಸ್ಪ್ಯಾನಿಷ್ ಬಾರದ ಮಕ್ಕಳೂ ಒಟ್ಟಿಗೆ ಕೇಳುತ್ತಿರುತ್ತಾರೆ.

ಇನ್ನೊಂದು ಮಾತು. ಬೇಸಿಗೆಗೆ ಊರಿಂದ ಅಜ್ಜಿ ಬಂದರೆ ಅವರನ್ನೇ ಕೂರಿಸಿ. ಪುಸ್ತಕ ಪಕ್ಕದಲ್ಲಿ ಮುಚ್ಚಿಟ್ಟಿರಲಿ, ಮಕ್ಕಳು ಆಮೇಲೆ ಎತ್ತಿಕೊಳ್ಳುತ್ತಾರೆ. ಜಾಗ ಬೇಕಿದ್ದರೆ ನಿಮ್ಮೂರಿನ ಲೈಬ್ರರಿಯ ಮಕ್ಕಳ ವಿಭಾಗದಲ್ಲಿ ಕೇಳಿ. ಏಪ್ರಿಲ್ 30ರ ಕಾರ್ಯಕ್ರಮಕ್ಕೆ ಬೇರೆ ಭಾಷೆಯಲ್ಲಿ ಕಥೆ ಹೇಳುವವರು ಸಿಕ್ಕರೆ ನಮಗೆ ಖುಷಿಯೇ.